ಒಳಕೋಣೆಯ ಕಡೆ ತಿರುಗಿದ ಕ್ಯಾಮರಾ

ಸಂಪಾಜೆ
೨೪-೧-೨೦೨೬, ಶನಿವಾರ

ಮನೆಯವರಿಗೆ ಗಂಗೆಯ ನಮಸ್ಕಾರಗಳು.

ಇವತ್ತು ಷಷ್ಠಿ, ನನಗೆ ಒಪ್ಪತ್ತು. ಹಾಲು ಕರೆದು ಡೈರಿಗೆ ಕೊಟ್ಟು, ಅಂಗಳದಲ್ಲಿ ಕರಿಮೆಣಸು ಹರವಿ, ತುಳಸಿಗೆ ನೀರು ಹಾಕಿ, ಈಗ ದನದ ಹಟ್ಟಿಯ ಬದಿಯ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯೊಳಗೆ ಕೂತು ಬರೆಯಲು ಧೈರ್ಯ ಸಾಲದು, ಯಾಕೆಂದು ಹೇಳುತ್ತೇನೆ. ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಬಾಟಲಿ ಹಾಗೆಯೇ ಇದೆಯಾ? ಮಾಕುಟ್ಟದ ಕಾಡಿನಲ್ಲಿ ಗಸ್ತಿಗೆ ಒಬ್ಬರೇ ಹೋಗಬೇಡಿ. ನಿಮ್ಮ ಕ್ಯಾಂಪಿನ ಧರ್ಮೇಂದ್ರ ರಜೆ ಮುಗಿಸಿ ಇವತ್ತು ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ.

ಪಕ್ಕದ ಮನೆಯ ಸುಮಿತಾಳ ಅಂಗಳದಿಂದ ಮೆಣಸು ಕಳವಾದ ಮೇಲೆ ಕ್ಯಾಮರಾ ಹಾಕಿಸು ಎಂದು ನೀವೇ ಹೇಳಿ ಹೋಗಿದ್ದಿರಲ್ಲ, ನೋಡಲು ಇಬ್ಬರು ಬಂದರು. ಮೊದಲು ನಮ್ಮೂರಿನ ವಯರಿಂಗ್ ಮುತ್ತ. ವಯರು ಎಳೆದು ಪೆಟ್ಟಿಗೆಯಲ್ಲಿ ರೆಕಾರ್ಡ್ ಆಗುವಂಥದ್ದು ಸಾಕು, ಅದೂ ಅಂಗಳಕ್ಕೆ ಮಾತ್ರ ಎಂದ. "ಪಾಸ್‌ವರ್ಡ್ ನೀವೇ ಒತ್ತಿ, ನಂಗೆ ಹೇಳ್ಬೇಡಿ. ನನ್ನನ್ನೂ ನಂಬ್ಬೇಡಿ ಅಕ್ಕ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಚಪ್ಪಲಿ ಹಾಕಿಕೊಂಡೇ ಚಾವಡಿ ಹತ್ತಿದ್ದ ಬೇರೆ. ಹಿಡಿಸಲಿಲ್ಲ. ಮಾರನೆಯ ದಿನ ಮಡಿಕೇರಿಯಿಂದ ದಿಗಂತ್ ಎಂಬವನು ಬಂದ. ಗೇಟಿನಲ್ಲೇ ಚಪ್ಪಲಿ ಬಿಟ್ಟ, ಹಣೆಯಲ್ಲಿ ಗಂಧ. "ದೈವದ ಮನೆ ಅಲ್ವಾ ಅಕ್ಕಾ, ಕಾಲು ತೊಳ್ದೇ ಬರ್ತೇನೆ" ಎಂದ. ಇಂಥವನೇ ಬೇಕು ಅನ್ನಿಸಿಬಿಟ್ಟಿತು.

ಅವನದು ಸಿಮ್ ಹಾಕುವ ಕ್ಯಾಮರಾ, ಫೋನಿನಲ್ಲೇ ಕಾಣುತ್ತದೆ. ಅಂಗಳಕ್ಕೊಂದು ಹಾಕಿ, "ಒಳಗೆ ಮುಖ್ಯವಾಗಿ ಎಲ್ಲಿ ಕಾಣ್ಬೇಕು?" ಎಂದು ಕೇಳಿದ. ನಾನು ಕೈ ತೋರಿಸಿದ್ದು ಭಂಡಾರದ ಕೋಣೆಯ ಬಾಗಿಲಿಗೆ! ಕೋಲದಲ್ಲಿ ಮುಖಕ್ಕೆ ಕಟ್ಟುವ ದೈವದ ಬೆಳ್ಳಿಯ ಮೊಗ ಯಾವ ಕೋಣೆಯಲ್ಲಿದೆ ಎಂದು ನೆಂಟರಿಗೂ ಹೇಳದ ಮನೆ ನಮ್ಮದು. ಅತ್ತೆ ಸಾಯುವ ತನಕ ಬಾಯಿ ಬಿಡಲಿಲ್ಲ. ನಾನು ಗುರುತಿಲ್ಲದವನನ್ನು ಆ ಬಾಗಿಲಿನೆದುರೇ ನಿಲ್ಲಿಸಿ ಮೊಳೆ ಹೊಡೆಸಿದೆ. ಪಾಸ್‌ವರ್ಡ್ ಏನಿಡಲಿ ಎಂದಾಗ ದೈವದ ಹೆಸರು ಹೇಳಿದೆ, ಅವನೇ ಒತ್ತಿಕೊಂಡ.

ನಿನ್ನೆ ಅವನ ಫೋನ್ ಬಂತು. "ಅಕ್ಕಾ, ಒಳಗಿನ ಕ್ಯಾಮರಾಕ್ಕೆ ಜೇಡ ಬಲೆ ಕಟ್ಟಿದೆ, ಒಂಚೂರು ಒರೆಸಿ" ಎಂದ. ಬಲೆ ಇದ್ದದ್ದು ನಿಜ. ಅವನಿಗೆ ಹೇಗೆ ಕಂಡಿತು? "ಆ ಕೋಣೆಗೆ ದೀಪ ಇಡ್ಲಿಕ್ಕೆ ಮಾತ್ರ ಹೋಗುದಾ? ಎಂತ ಉಂಟು ಅದ್ರಲ್ಲಿ?" ಎಂದು ನಕ್ಕ. ಹಳೇ ಪಾತ್ರೆ ಎಂದೆ. ದೈವವನ್ನು ಪಾತ್ರೆ ಎಂದಿತು ಈ ಬಾಯಿ. ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು, ಆದರೆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಮುತ್ತನನ್ನು ಹಟ್ಟಿಗೇ ಕರೆಸಿ ಹೇಳಿದೆ. "ಅವನ ಫೋನಲ್ಲೂ ನಿಮ್ಮ ಮನೆ ಓಡ್ತಾ ಉಂಟು. ಮಾತೂ ಕೇಳ್ತದೆ. ಬಟ್ಟೆ ಮುಚ್ಬೇಡಿ, ಅವ್ನಿಗೆ ಸಂಶಯ ಬರ್ತದೆ. ನಾಳೆ ಬಂದು ಎಲ್ಲ ಅಳಿಸಿ ಹೊಸದು ಮಾಡ್ತೇನೆ. ಆದ್ರೆ ಅವ ಕಂಡದ್ದನ್ನು ಅಳಿಸ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ್ರೆ" ಎಂದ.

ಹಾಗಾಗಿ ಮೊಗವನ್ನು ಬೇರೆ ಕಡೆ ಇಡಲೇಬೇಕು. ಹೆಂಗಸರು ಮುಟ್ಟುವ ಕ್ರಮ ಇಲ್ಲ. ಒಂದು ದಿನದ ಮಟ್ಟಿಗೆ ಬನ್ನಿ. ಆಗದಿದ್ದರೆ ನಾನು ಮುಟ್ಟಬಹುದಾ ಎಂದು ಎರಡು ಅಕ್ಷರ ಬರೆಯಿರಿ. ಕಾಡಿನಲ್ಲಿ ದೈವ ನಿಮ್ಮ ಬೆನ್ನಿಗಿರಲಿ.

ನಿಮ್ಮ
ಗಂಗೆ

ಮತ್ತೆ ಬರೆದದ್ದು: ಇಷ್ಟು ಬರೆಯುವಾಗ ಕರೆಂಟ್ ಹೋಯಿತು. ಒಳಗೆ ಹೋಗಿ ನೋಡಿದರೆ ಕ್ಯಾಮರಾದ ಕೆಂಪು ದೀಪ ಆರಿತ್ತು. ದೈವದ್ದೇ ಅಪ್ಪಣೆ ಎಂದುಕೊಂಡು ತಲೆಗೆ ನೀರು ಹೊಯ್ದು, ಒದ್ದೆ ಸೀರೆಯಲ್ಲೇ ಮೊಗವನ್ನು ತೆಗೆದೆ. ಅದರ ಖಾಲಿ ಪೆಟ್ಟಿಗೆ ಅಲ್ಲೇ ಇದೆ, ಕಂಡವರಿಗೆ ಸಂಶಯ ಬಾರದ ಹಾಗೆ ಅದಕ್ಕೆ ದಿನವೂ ದೀಪ ಇಡುತ್ತೇನೆ. ಮೊಗ ಎಲ್ಲಿದೆ ಎಂದು ಬರೆಯುವುದಿಲ್ಲ. ತಪ್ಪಾಗಿದ್ದರೆ ಏನು ಕಾಣಿಕೆ ಕಟ್ಟಬೇಕು ತಿಳಿಸಿ. ಧರ್ಮೇಂದ್ರ ಗೇಟಿನಲ್ಲಿ ನಿಂತಿದ್ದಾನೆ. ಗುರುವಾರ ಅವನು ಮಡಿಕೇರಿಗೆ ಬರುವಾಗ ಉತ್ತರ ಕೊಟ್ಟುಕಳಿಸಿ, ಮುತ್ತ ಹೋಗಿ ತರಲಿ. ಫೋನ್ ಮಾತ್ರ ಮಾಡಬೇಡಿ.