ಕೈ ಇಟ್ಟರೆ ಕಪ್ಪಾಗುವ ಪರದೆ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಎರಡೂವರೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಅಲ್ಲಿ ಹಾಸಿಕೊಳ್ಳಲು ಒಂದೇ ಒಂದು ತೆಳ್ಳನೆಯ ಕಂಬಳಿ ಕೊಡುತ್ತಾರೆ ಎಂದು ವಕೀಲಮ್ಮ ಹೇಳಿದರು. ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಇಟ್ಟುಕೋ, ಉದ್ದಕ್ಕೆ ಹಾಸಿದರೆ ಎಲ್ಲಿಗೂ ಸಾಲುವುದಿಲ್ಲ. ಹೊಟ್ಟೆ ತುಂಬ ಊಟ ಮಾಡು. ರುಚಿಯಿಲ್ಲ ಎಂದು ತಟ್ಟೆ ಸರಿಸುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೇ? ನಾವು ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಈ ವಾರ ಬೆಳಗಿನ ಪಾಳಿಯ ಬಸ್ಸು. ಮಧ್ಯಾಹ್ನ ಬಂದವರೇ ಮಲಗಿ ಗೊರಕೆ ಹೊಡೆಯುತ್ತಾರೆ, ಈಗಲೂ ಹೊಡೆಯುತ್ತಿದ್ದಾರೆ. ಈ ಕಾಗದವನ್ನು ನಿನ್ನ ಕೈಗೆ ಕೊಡುವ ಮುಂಚೆ ಜೈಲಿನಲ್ಲಿ ಯಾರೋ ಓದುತ್ತಾರಂತೆ. ಓದಲಿ. ಓದುವವರೇ, ನಿಮಗೂ ನಮಸ್ಕಾರ. ಓದಿ ಮುಗಿದ ತಕ್ಷಣ ದಯವಿಟ್ಟು ಅವನಿಗೆ ತಲುಪಿಸಿಬಿಡಿ.

ವಕೀಲಮ್ಮ ನಾಲ್ಕು ಗಂಟೆಗೆ ಬರುತ್ತಾರೆ, ನಾಳೆ ನಿನ್ನನ್ನು ನೋಡಲು ಬರುವಾಗ ಇದನ್ನು ತರುತ್ತಾರೆ. ಅಷ್ಟರೊಳಗೆ ನಿನ್ನ ಲ್ಯಾಪ್‌ಟಾಪ್ ನನಗೆ ಕೊಟ್ಟ ಕಾಟವನ್ನೆಲ್ಲ ಬರೆದು ಮುಗಿಸಬೇಕು. ಕೊನೆಯ ಪುಟಕ್ಕೆ ಹಾರಬೇಡ. ನಾಲ್ಕು ದಿನ ನಾನು ಪಟ್ಟ ಪಾಡನ್ನು ನೀನೂ ಒಂದು ಹತ್ತು ನಿಮಿಷ ಪಡು.

ನಾಡಿದ್ದು ಗುರುವಾರ ನಿನ್ನ ಜಾಮೀನಿನ ವಿಚಾರಣೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೆ ಈ ನಲವತ್ತೊಂದು ದಿನ ನಾನು ಇದನ್ನೇ ಬಾಯಿಪಾಠ ಮಾಡಿದ ಹಾಗೆ ಹೇಳಿಕೊಳ್ಳುತ್ತಿದ್ದೇನೆ. ನೀನು ಕೆಲಸ ಮಾಡುವ ಗೋದಾಮಿಗೆ ಬೆಂಕಿ ಬಿದ್ದದ್ದು ಮಧ್ಯಾಹ್ನ ಮೂರೂಕಾಲಿಗೆ. ಕಾವಲುಗಾರನ ಎರಡು ಕೈಯೂ ಸುಟ್ಟಿವೆ. ಹಿಂದಿನ ದಿನ ನೀನು ಯಜಮಾನರ ಜೊತೆ ಜಗಳವಾಡಿದ್ದನ್ನು ಹತ್ತು ಜನ ನೋಡಿದ್ದಾರೆ. ಬೆಳಗಿನ ಪಾಳಿ ಮುಗಿಸಿ ಬರುವಾಗ ಫೋನನ್ನು ಅಲ್ಲೇ ಮರೆತು ಬಂದೆ, ಮಹಾರಾಯ. ಫೋನು ಅಲ್ಲಿತ್ತು ಎಂದ ಮೇಲೆ ನೀನೂ ಅಲ್ಲೇ ಇದ್ದೆ ಎನ್ನುತ್ತಾರೆ ಪೊಲೀಸರು. ಇವೆರಡರ ಮೇಲೆ ಮೂರನೆಯದು ನನ್ನ ಮಾತು. "ಆ ಮಧ್ಯಾಹ್ನ ನಿಮ್ಮ ತಮ್ಮ ಮನೇಲಿದ್ನಾ?" ಎಂದು ಕೇಳಿದರು. "ನಾನಂತೂ ನೋಡ್ಲಿಲ್ಲ, ಇರ್ಲಿಲ್ಲ" ಎಂದೆ. ಹಿತ್ತಲ ಬಾಗಿಲಿನಿಂದ ಬಂದು ನಿನ್ನ ಕೋಣೆ ಸೇರಿಕೊಂಡೆ ಎಂದು ನೀನು ಹೇಳುತ್ತೀ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನಗೆ ನೀನು ಬಂದದ್ದು ಕಾಣಲಿಲ್ಲ. ನೋಡದ್ದನ್ನು ನೋಡಿದೆ ಎನ್ನಲು ನನಗೆ ಬಾಯಿ ಬರಲಿಲ್ಲ, ರುಜು ಹಾಕಿಬಿಟ್ಟೆ. ನೀನು ಅದಕ್ಕೆ ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಾಗಾಗಿ ಉಳಿದಿದ್ದು ಒಂದೇ. ಕಣ್ಣು ಕಾಣದ ಮಕ್ಕಳ ಶಾಲೆಗೆಂದು ನೀನು ಪಾಠ ಓದಿ ರೆಕಾರ್ಡ್ ಮಾಡುತ್ತೀಯಲ್ಲ, ಆ ಮಧ್ಯಾಹ್ನವೂ ಮಾಡಿದ್ದೆ, ಪಾಠ ಅರ್ಧಕ್ಕೇ ನಿಂತದ್ದರಿಂದ ಶಾಲೆಗೆ ಕಳಿಸಿರಲಿಲ್ಲ, ಅದು ಲ್ಯಾಪ್‌ಟಾಪಿನಲ್ಲೇ ಇದೆ ಎಂದು ಕಳೆದ ವಾರ ನೀನು ವಕೀಲಮ್ಮನಿಗೆ ಹೇಳಿದ್ದು. ಅವರು ನಿನ್ನ ಪಾಸ್‌ವರ್ಡ್ ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟು ಕಟ್ಟುನಿಟ್ಟಾಗಿ ಹೇಳಿದರು. "ಅದು ಇದೆಯೋ ಇಲ್ವೋ ನೋಡಿ ಹೇಳಿ, ಅಷ್ಟೇ. ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ. ತಿರುಪು ಬಿಚ್ಚಿಸ್ಬೇಡಿ. ಒಳಗಿರೋದನ್ನ ಒರೆಸೋಕೆ ಯಾರಿಗೂ ಬಿಡ್ಬೇಡಿ." ಯಾರಾದರೂ ಒಳಗೆ ಕೈಯಾಡಿಸಿದರೆ ಎದುರಿನ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರಂತೆ. ಅದನ್ನು ಸಾಕ್ಷಿಯಾಗಿ ನೋಡಿ ಎಂದು ಮಂಗಳವಾರ ಸಂಜೆಯೊಳಗೆ ಅವರು ಅರ್ಜಿ ಹಾಕದಿದ್ದರೆ ಗುರುವಾರದ ವಿಚಾರಣೆಗೆ ಬರುವುದಿಲ್ಲ. ಅಂದರೆ ಇವತ್ತು ಸಂಜೆಯೊಳಗೆ.

ಶನಿವಾರ ನಿನ್ನ ಕೋಣೆಗೆ ಹೋದೆ. ಲ್ಯಾಪ್‌ಟಾಪಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಒರೆಸಿ, ಚಾರ್ಜಿಗೆ ಹಾಕಿ, ಗುಂಡಿ ಒತ್ತಿದೆ. ಒಳಗೆ ಫ್ಯಾನು ಗುಂಯ್ ಎಂದಿತು, ನಿನ್ನ ಫೋಟೋ ಬಂತು, ಅದರ ಕೆಳಗೆ ಪಾಸ್‌ವರ್ಡಿನ ಜಾಗವೂ ಬಂತು. ಚೀಟಿ ಎಡಗೈಯಲ್ಲಿ ಹಿಡಿದು, ಕೈಯನ್ನು ಯಂತ್ರದ ಅಂಚಿಗೆ ಊರಿ, ಬಲಗೈಯ ಒಂದೇ ಬೆರಳಿನಲ್ಲಿ ಮೊದಲ ಅಕ್ಷರ ಒತ್ತಬೇಕು, ಪರದೆ ಕಪ್ಪಾಯಿತು. ಮತ್ತೆ ಗುಂಡಿ ಒತ್ತಿದೆ. ಮತ್ತೆ ನೀನು ಹಲ್ಲು ಕಿರಿಯುತ್ತಾ ಬಂದೆ, ನಾನು ಕೈ ಊರಿದೆ, ಕಪ್ಪು. ಹದಿನಾಲ್ಕು ಸಲ ತಮ್ಮಾ, ಎಣಿಸಿದ್ದೇನೆ. ಕೊನೆಗೆ ನಿನ್ನ ಭಾವನನ್ನು ಎಬ್ಬಿಸಿದೆ. ಅವರು ಒತ್ತಿ, ಕೈಕಟ್ಟಿ ನಿಂತರು. ನಿನ್ನ ಫೋಟೋ ಅಲ್ಲಾಡದೆ ನಿಂತಿತು. ನಾನು ಕೂತೆ, ಕಪ್ಪಾಯಿತು. "ನಿನ್ನ ಕಂಡ್ರೆ ಅದಕ್ಕೆ ಆಗಲ್ಲ ಕಣೇ" ಎಂದರು. ಭಾನುವಾರ ಸಂಜೆಯವರೆಗೆ ನಾನು ಅವರೊಡನೆ ಮಾತು ಬಿಟ್ಟೆ. ಅವರ ಕೈಯಲ್ಲೇ ಪಾಸ್‌ವರ್ಡ್ ಹಾಕಿಸಬಹುದಿತ್ತಲ್ಲ ಎನ್ನಬೇಡ. ಅವರಿಗೆ ಹೇಳಿದರೆ ಇಡೀ ಡಿಪೋಗೆ ಹೇಳಿದ ಹಾಗೆ.

ಭಾನುವಾರ ರಿಪೇರಿ ಅಂಗಡಿ ಮುಚ್ಚಿತ್ತು. ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತೆ. ನೀನು ಆಮೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೀಯಲ್ಲ, ಶಾಲೆಯ ಕೆಲಸ ಬಿಟ್ಟು ಕಂಪ್ಯೂಟರ್ ರಿಪೇರಿಗೆ ಕೂತವರು, ಅವರ ಅಂಗಡಿಯೇ. ಹೆಸರು ಸರಿಯಾಗಿಯೇ ಇಟ್ಟಿದ್ದೀ. ಕನ್ನಡಕ ಒರೆಸುವುದಕ್ಕೇ ಐದು ನಿಮಿಷ. ಅವರು ಐದು ಸಲ ಹಾಕಿ ಆರಿಸಿದರು, ಐದು ಸಲವೂ ನೆಟ್ಟಗೆ ನಿಂತಿತು. "ಇದಕ್ಕೇನಾಗಿದೆ ಅಮ್ಮಾ, ಚೆನ್ನಾಗೇ ಇದೆಯಲ್ಲ" ಎಂದರು. ಅವರ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ ನಾನು ಚೀಟಿ ತೆಗೆದೆ. ಕಪ್ಪಾಯಿತು. ಪಾಪ, ಅವರು ಚಾರ್ಜರು ಬದಲಿಸಿದರು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರು, ಒಳಗೆ ಗಾಳಿ ಊದಿದರು. ಅವರು ಮುಟ್ಟಿದರೆ ಸರಿ, ನಾನು ಮುಟ್ಟಿದರೆ ಕತ್ತಲೆ. ಪಾಸ್‌ವರ್ಡ್ ತಮಗೆ ಹೇಳಿ ಎಂದರು, ಹೇಳಲಿಲ್ಲ. ಬಿಚ್ಚಿ ನೋಡುತ್ತೇನೆ ಎಂದರು, ಬಿಡಲಿಲ್ಲ. "ಹಾಗಾದ್ರೆ ಎಲ್ಲಾ ಒರೆಸಿ ಹೊಸದಾಗಿ ಹಾಕೋದೊಂದೇ ದಾರಿ" ಎಂದು ಅವರು ಅನ್ನುವಷ್ಟರಲ್ಲಿ ನಾನು ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿಗೆ ಇಳಿದಾಗಿತ್ತು. ಚಪ್ಪಲಿ ಅವರ ಅಂಗಡಿಯಲ್ಲೇ ಉಳಿದಿದೆ ಎಂದು ತಿಳಿದದ್ದು ಮನೆ ಸೇರಿದ ಮೇಲೆ.

ಸೋಮವಾರ ಮಧ್ಯಾಹ್ನದ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನಿನ್ನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ನೆಲದ ಮೇಲೆ ಕೂತಿದ್ದೆ. ಇದರೊಳಗೆ ಏನೂ ಇಲ್ಲದಿದ್ದರೆ ಎಂಬ ಯೋಚನೆ ಬಂತು. ನಮ್ಮನ್ನು ಸುಮ್ಮನೆ ಓಡಾಡಿಸಲು ನೀನು ಕಟ್ಟಿದ ಕಥೆಯಾಗಿದ್ದರೆ? ನೀನು ಅವತ್ತು ನಿಜಕ್ಕೂ ಮನೆಯಲ್ಲಿ ಇಲ್ಲದಿದ್ದರೆ? ನನ್ನ ಸೊಂಟದ ಮೇಲೆ ಬೆಳೆದ ಹುಡುಗ ನೀನು, ಬೆಂಕಿಕಡ್ಡಿ ಗೀರಲು ಹತ್ತು ವರ್ಷದವರೆಗೆ ಹೆದರುತ್ತಿದ್ದವನು. ಆದರೂ ಅನುಮಾನ ಬಂತು, ಬಂದು ಬಹಳ ಹೊತ್ತು ಕೂತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು ತಮ್ಮಾ.

ಇವತ್ತು ಬೆಳಿಗ್ಗೆ ಚಪ್ಪಲಿಯ ನೆಪ ಮಾಡಿಕೊಂಡು ಮತ್ತೆ ಮೇಷ್ಟ್ರ ಅಂಗಡಿಗೆ ಹೋದೆ, ಲ್ಯಾಪ್‌ಟಾಪ್ ಕಂಕುಳಲ್ಲೇ ಇತ್ತು. ಅವರು ಯಾರದೋ ಯಂತ್ರ ಬಿಚ್ಚಿ, ಸಾಸಿವೆ ಕಾಳಿನಷ್ಟು ಸಣ್ಣ ತಿರುಪುಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ನಾನು ಮೇಜಿನ ಮೇಲೆ ಬಗ್ಗಿ ಲ್ಯಾಪ್‌ಟಾಪ್ ಇಟ್ಟು ಕೈ ತೆಗೆದರೆ, ಆರು ತಿರುಪು ನನ್ನ ಎಡಗೈಗೆ ಅಂಟಿಕೊಂಡು ಬಂದವು. "ಏನಮ್ಮಾ ಅದು ಕೈಯಲ್ಲಿ?" ಎಂದು ಗಾಬರಿಯಾದರು. ನೋಡಿಕೊಂಡೆ. ಗುಂಡುಪಿನ್ನಿನ ಪಟ್ಟಿ! ಹೊಲಿಯುವಾಗ ಪಿನ್ನುಗಳು ಚೆಲ್ಲದಿರಲೆಂದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಅಯಸ್ಕಾಂತದ ಬಿಲ್ಲೆ. ಹನ್ನೆರಡು ವರ್ಷದಿಂದ ಕೈಯಲ್ಲಿದೆ, ಸ್ನಾನಕ್ಕೆ ಬಿಟ್ಟರೆ ಬಿಚ್ಚುವುದಿಲ್ಲ, ಇದೆ ಎನ್ನುವುದೇ ನೆನಪಿರುವುದಿಲ್ಲ. ಮೇಷ್ಟ್ರು ಅದನ್ನು ಬಿಚ್ಚಿಸಿಕೊಂಡರು. ಲ್ಯಾಪ್‌ಟಾಪ್ ಹಾಕಿ, ಪಟ್ಟಿಯನ್ನು ಎಡಗಡೆಯ ಅಂಚಿಗೆ ತಂದರು, ಪರದೆ ಕಪ್ಪಾಯಿತು. ದೂರ ಸರಿಸಿ ಗುಂಡಿ ಒತ್ತಿದರು, ನಿನ್ನ ಫೋಟೋ ಬಂತು. ಮುಚ್ಚಳ ಮುಚ್ಚಿದ್ದು ಯಂತ್ರಕ್ಕೆ ಗೊತ್ತಾಗಲೆಂದು ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತ ಇಟ್ಟಿರುತ್ತಾರಂತೆ. ನಾನು ಕೈ ಊರಿದಾಗಲೆಲ್ಲ ನನ್ನ ಬಿಲ್ಲೆಯನ್ನೇ ಮುಚ್ಚಳದ ಅಯಸ್ಕಾಂತ ಎಂದು ತಿಳಿದು ಯಂತ್ರವು, ಯಾರೋ ನನ್ನನ್ನು ಮುಚ್ಚಿದರು ಎಂದುಕೊಂಡು ನಿದ್ದೆ ಹೋಗುತ್ತಿತ್ತು. "ನಲವತ್ತು ವರ್ಷ ಪಾಠ ಹೇಳಿದೀನಿ, ಮುಟ್ಟಿದ ತಕ್ಷಣ ನಿದ್ದೆ ಮಾಡಿಸೋರನ್ನ ಇವತ್ತೇ ನೋಡಿದ್ದು" ಎಂದರು ಮೇಷ್ಟ್ರು. ನನಗೆ ನಗುವೂ ಬಂತು, ಅಳುವೂ ಬಂತು. ಕೆಟ್ಟದ್ದು ಲ್ಯಾಪ್‌ಟಾಪ್ ಅಲ್ಲ, ನಾನೇ.

ಅವರು ತಾವಾಗಿಯೇ ಗೋಡೆಗೆ ತಿರುಗಿ ನಿಂತರು. ಬರಿಗೈಯಲ್ಲಿ ನಿನ್ನ ಪಾಸ್‌ವರ್ಡ್ ಹಾಕಿದೆ. ಅಷ್ಟುದ್ದ ಪಾಸ್‌ವರ್ಡ್ ಯಾವ ಪುಣ್ಯಾತ್ಮ ಇಡುತ್ತಾನೋ! ಎರಡು ಸಲ ತಪ್ಪಿತು, ಮೂರನೆಯ ಸಲ ತೆರೆಯಿತು. ಪಾಠಗಳ ಸಾಲಿನಲ್ಲಿ ಕಟ್ಟಕಡೆಗೆ ಇತ್ತು. ಅದೇ ತಾರೀಖು. ಶುರು ಎರಡು ಐವತ್ತಕ್ಕೆ, ನಿಂತದ್ದು ಮೂರು ನಲವತ್ತಕ್ಕೆ. ಒಳಗೆ ಏನಿದೆಯೋ ಕೇಳಲಿಲ್ಲ. ಕೈ ತುರಿಸುತ್ತಿತ್ತು, ಆದರೂ ಮುಚ್ಚಿಟ್ಟೆ. ವಕೀಲಮ್ಮನಿಗೆ ಫೋನು ಮಾಡಿ ನಾನು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮೇಷ್ಟ್ರೇ ಫೋನು ತೆಗೆದುಕೊಂಡು "ಇದೆಯಂತೆ" ಎಂದರು.

ಇನ್ನು ನೀನು ಹೆದರಬೇಡ. ಗುರುವಾರ ಹೊಸ ಅಂಗಿ ಕಳಿಸುತ್ತೇನೆ, ಕತ್ತಿನ ಅಳತೆ ಒಂದು ಬೆರಳು ಕಡಿಮೆ ಮಾಡಿದ್ದೇನೆ, ಇಳಿದು ಹೋಗಿದ್ದೀಯಂತೆ. ಭಾವ ಕೇಳಿದ್ದಾರೆ ಎಂದು ಹೇಳಲು ಹೇಳಿದ್ದಾರೆ, ಗೊರಕೆಯ ನಡುವೆಯೇ. ಆಯುಷ್ಯ ಆರೋಗ್ಯ ಎರಡೂ ನಿನಗೆ ತುಂಬಿಕೊಂಡು ಬರಲಿ, ನೀನು ಈ ಮನೆಯ ಬಾಗಿಲಿಗೆ ಬೇಗ ಬಾ.

ನಿನ್ನ
ಅಕ್ಕ

ಮರೆತ ಮಾತು: ವಕೀಲಮ್ಮ ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಈಗಷ್ಟೇ ಅವರು ನನ್ನೆದುರು ಆ ರೆಕಾರ್ಡಿಂಗ್ ಹಾಕಿ ಕೇಳಿಸಿದರು. ನೀನು ನದಿಗಳ ಪಾಠ ಓದುತ್ತಿದ್ದೀ, ಹಿಂದೆ ನನ್ನ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿದೆ. ಅರ್ಧ ದಾರಿಯಲ್ಲಿ ನೀನು ಓದು ನಿಲ್ಲಿಸಿ ಎದ್ದು ಹೋಗುವುದು ಕೇಳಿಸುತ್ತದೆ. ದೂರದಿಂದ "ಅಕ್ಕಾ, ನೀರು ಕುಡೀತೀಯಾ?" ಎನ್ನುತ್ತೀ. ಯಂತ್ರ ನಿಲ್ಲುವುದೂ ಇಲ್ಲ, "ಅಲ್ಲೇ ಇಡೋ" ಎನ್ನುತ್ತದೆ ಒಂದು ಹೆಂಗಸಿನ ದನಿ. ಅದು ನನ್ನದು. ಸಮಯ ಮೂರು ಹದಿನೆಂಟು. ಮರುದಿನಕ್ಕೆ ಹನ್ನೊಂದು ಸಮವಸ್ತ್ರ ಕೊಡಬೇಕಿತ್ತು, ನಾನು ತಲೆ ಎತ್ತಲಿಲ್ಲ, ಉತ್ತರ ಕೊಟ್ಟದ್ದೂ ಗೊತ್ತಿಲ್ಲ. ಆದರೆ ನಿನಗೆ ಗೊತ್ತಿತ್ತು. ನೀರು ಕೊಟ್ಟೆ, ಅಕ್ಕ ಮಾತಾಡಿದಳು ಎಂದು ನೀನು ವಕೀಲಮ್ಮನಿಗೂ ಹೇಳಿಲ್ಲ. ನನ್ನ ರುಜು ಸುಳ್ಳಾಗಬಾರದೆಂದು ನಲವತ್ತೊಂದು ದಿನ ಆ ಕಂಬಳಿಯ ಮೇಲೆ ಮಲಗಿದೆಯಲ್ಲೋ. ಮಾತು ಬದಲಾಯಿಸಿದರೆ ಎದುರಿನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ವಕೀಲಮ್ಮ ಹೇಳುತ್ತಿದ್ದಾರೆ. ಬಿಡದಿರಲಿ. ಗುರುವಾರ ನಾನು ಎಲ್ಲರೆದುರು ನಿಂತು ಹೇಳುತ್ತೇನೆ, ನನ್ನ ತಮ್ಮ ಮನೆಯಲ್ಲೇ ಇದ್ದ, ನೀರು ತಂದುಕೊಟ್ಟ, ನಾನು ಅವನ ಮುಖ ನೋಡಲಿಲ್ಲ.