ಕೋತಿಗಳ ಜಾತಕ

ಹಳೇಕೋಟೆ, ಹೊಳೆನರಸೀಪುರ ತಾಲ್ಲೂಕು
ಭಾನುವಾರ, 16 ಫೆಬ್ರವರಿ 2025

ನನ್ನ ಮುದ್ದಿನ ಕೋತಿ ಜೋಯಿಸರೇ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಲ್ಯಾಬಿನಲ್ಲಿ ಕೋತಿಗಳ ಮುಖವನ್ನೇ ನೋಡಿ ನೋಡಿ ನನ್ನ ಮುಖ ಮರೆತಿರೋ ಹೇಗೆ? ಇಲ್ಲಿ ಮಾವ, ನಿಮ್ಮ ತಮ್ಮ ದಿಲೀಪ ಚೆನ್ನಾಗಿದ್ದಾರೆ. ಅತ್ತೆಯಂತೂ ಕಲ್ಲುಗುಂಡು! ಫೋನ್ ಬಿಟ್ಟು ಇದೇನು ಕಾಗದ ಎಂದು ನಗಬೇಡಿ. ನನ್ನ ದನಿ ಕೇಳಿದರೆ ನೀವು ಗಾಬರಿಯಾಗುತ್ತೀರಿ. ಬೆಳಿಗ್ಗೆ ಮೊದಲ ಬಸ್ಸಿಗೆ ದಿಲೀಪನೇ ಇದನ್ನು ತಂದುಕೊಡುತ್ತಾನೆ.

ಹಿಂದಿನ ವಾರ ನಮ್ಮ ತೆಂಗಿನ ತೋಟದಲ್ಲಿ ಮರದ ಕೆಳಗೆ ಒಂದು ಕೋತಿ ಸತ್ತು ಬಿದ್ದಿತ್ತು. ಮೈಮೇಲೆ ಗಾಯವೇ ಇಲ್ಲ. ಶನಿವಾರ ಬೇರೆ, ಊರೆಲ್ಲ ಸೇರಿತು. ಅತ್ತೆ ಬರಿಗೈಯಲ್ಲೇ ಅದಕ್ಕೆ ಸ್ನಾನ ಮಾಡಿಸಿ ಅರಿಶಿನ ಹಚ್ಚಿದರು. "ಬಾರವ್ವ, ಕುಂಕುಮ ಇಡು, ಹೊಸ ಮದುವಣಗಿತ್ತಿಗೆ ಅನುಮಪ್ಪ ಒಳ್ಳೇದು ಮಾಡ್ತಾನೆ" ಎಂದು ಕರೆದರು. ಸತ್ತ ಕೋತಿಯನ್ನು ಮುಟ್ಟಬಾರದು, ಅದರ ಮೈಯ ಉಣ್ಣೆ ಕಚ್ಚಿದರೆ ಜ್ವರ ಹತ್ತುತ್ತದೆ ಎಂದು ನೀವು ಹೇಳಿದ್ದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಲಕ್ಕಮ್ಮ, "ಇಂಗ್ಲಿಸ್ ಓದಿರೋಳು ಕಣಕ್ಕ, ಅಸಯ್ಯ ಪಡ್ತಾಳೆ" ಅಂದುಬಿಟ್ಟರು. ಇಟ್ಟೆ ರೀ. ಅಷ್ಟೇ ಅಲ್ಲ, ಆ ಪುಟ್ಟ ಮುಖ ನೋಡಿ ಅಳು ಬಂದು, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಿವಿಯ ಹಿಂದೆಲ್ಲ ಉಣ್ಣೆಹುಳ.

ಆಮೇಲೆ ಇನ್ನೆರಡು ಸತ್ತವು. ಉಳಿದವು ಅದೇ ಮರದ ಮೇಲೆ ಎಳನೀರು ಕಿತ್ತುಕೊಂಡು ಕುಣಿಯುತ್ತಿವೆ. ಬೀಗರ ಊಟದ ದಿನ ನೀವು ಹೇಳಿರಲಿಲ್ಲವೇ? ನೋಡಲು ಎಲ್ಲವೂ ಒಂದೇ ಥರ, ಆದರೆ ರೋಗದ ಜೊತೆ ಹೋರಾಡುವ ಜೀನ್ ಒಂದೊಂದರದು ಒಂದೊಂದು ಬಗೆ. ಒಂದು ಸಾಯುವ ಕಡೆ ಇನ್ನೊಂದಕ್ಕೆ ಸೀನೂ ಬರುವುದಿಲ್ಲ. ಲ್ಯಾಬಿನ ಕೋತಿಗೆ ಲಸಿಕೆ ಹಾಕಿ ಪರೀಕ್ಷಿಸುವ ಮೊದಲೇ ಅದನ್ನು ನೋಡಿಕೊಳ್ಳದಿದ್ದರೆ, ಬದುಕಿದ್ದು ಲಸಿಕೆಯಿಂದಲೋ ಹುಟ್ಟುಗುಣದಿಂದಲೋ ತಿಳಿಯುವುದೇ ಇಲ್ಲ ಎಂದು. "ಹಾಗಾದರೆ ನೀವು ಕೋತಿಗಳ ಜಾತಕ ನೋಡುವ ಜೋಯಿಸರು!" ಎಂದು ನಾನು ಬಿದ್ದು ಬಿದ್ದು ನಕ್ಕಿದ್ದೆ. ಈಗ ಆ ಮರ ಕಾಣದಂತೆ ಕಿಟಕಿ ಮುಚ್ಚಿಕೊಂಡಿದ್ದೇನೆ.

ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ನಾನು ಏನು ತಿಳಿಸುತ್ತೇನೆಂದು ನಿಮಗೇ ಗೊತ್ತು, ಕಾಗದದಲ್ಲಿ ಬರೆಯಲು ನಾಚಿಕೆ.

ನಿಮ್ಮವಳು, ನಿಮ್ಮವಳೇ,
ಭಾನು

ಮತ್ತೆ: ಅತ್ತೆಗೆ ಏನೂ ಆಗಿಲ್ಲ. ಜ್ವರ ಬಂದಿರುವುದು ನನಗೆ, ನಿನ್ನೆಯಿಂದ. ಕಣ್ಣು ಬಿಡಲಾಗದಷ್ಟು ತಲೆನೋವು. ಮಾವ ಬೆಳಿಗ್ಗೆ ಹಾಸನದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಕೋತಿಗೆ ಕುಂಕುಮ ಇಟ್ಟಿದ್ದು ದೇವರ ಕೆಲಸ, ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು ಎನ್ನುತ್ತಾರೆ ಅವರು. ನಾನು ಹೇಳುತ್ತೇನೆ, ಈ ಸಲ ಯಾರು ಏನಂದರೂ ಸರಿ. ನೀವು ಊರಿಗೆ ಹೋಗಬೇಡಿ, ನೇರ ಹಾಸನಕ್ಕೆ ಬನ್ನಿ. ಅತ್ತೆ ಯಾವ ಬಗೆ ಎಂದು ಗೊತ್ತಾಯಿತು. ನಾನು ಯಾವ ಬಗೆ ರೀ?