ಲಾಯದ ಬಾಗಿಲಿನ ಉಪದೇಶ

ಕಂಬಂ, 18 ಫೆಬ್ರವರಿ 1896, ಮಂಗಳವಾರ.

ಕೋಪ ಇನ್ನೂ ಇಳಿದಿಲ್ಲ. ಕುದುರೆ ಕೊಂಡು ಒಂಬತ್ತು ದಿನ. ಸವಾರಿ ಬಾರದ್ದರಿಂದ ಚಿನ್ನಮನೂರಿಗೆ ಎತ್ತಿನ ಗಾಡಿಯಲ್ಲೇ ಹೋಗಿದ್ದೆ. ಅಷ್ಟರಲ್ಲಿ ನಾಗಮ್ಮಾಳ್ ಅತ್ತೆ ಎತ್ತಿಗೆ ಹಾಕುವಂತೆ ಕುದುರೆಗೂ ಒಂದು ತೊಟ್ಟಿ ರುಬ್ಬಿದ ಹತ್ತಿಬೀಜ ಸುರಿದಿದ್ದಾಳೆ. ಸಂಜೆ ಬಂದಾಗ ಹೊಟ್ಟೆ ತಮಟೆಯಂತೆ ಬಿಗಿದು ನೆಲದಲ್ಲಿ ಹೊರಳಾಡುತ್ತಿತ್ತು.

"ಎತ್ತು ಮೆಲುಕು ಹಾಕಿ ಅರಗಿಸ್ತದೆ. ಕುದುರೆ ಮೆಲುಕು ಹಾಕ್ತದಾ ಅತ್ತೆ?" ಎಂದು ಕೂಗಿದೆ.

"ಎಲುಬು ಕಾಣ್ತಿತ್ತು ರಾಸಾ, ಪಾಪ ಅಂತ ಹಾಕ್ದೆ. ಹಾಕ್ಬೇಡ ಅಂತ ನಂಗ್ಯಾರು ಹೇಳಿದ್ರು?"

ಯಾರು ಹೇಳಿದರೇ! ಸ್ವಲ್ಪಸ್ವಲ್ಪವೇ ಹಲವು ಸಲ ತಿನ್ನಿಸಬೇಕು, ಮೊದಲು ನೀರು, ಆಮೇಲೆ ಹುರುಳಿ ಎಂದು ಮೊದಲ ದಿನವೇ ಬರೆದು ಲಾಯದ ಬಾಗಿಲಿಗೆ ಮೊಳೆ ಹೊಡೆದಿದ್ದೆ. ಅತ್ತೆಯನ್ನು ಎಳೆದೊಯ್ದು, ದೀಪ ಎತ್ತಿ ಆ ಕಾಗದ ತೋರಿಸಿದೆ. ಅಂದವಾದ ಇಂಗ್ಲಿಷ್ ಅಕ್ಷರ, ಮೇಲೆಲ್ಲ ಕುಂಕುಮ.

"ಇದಾ? ದೃಷ್ಟಿ ಆಗ್ದಂಗೆ ಮಂತ್ರ ಬರ್ದಿದ್ದೀಯ ಅಂತ ದಿನಾ ಪೂಜೆ ಮಾಡ್ತಿದ್ದೆನಲ್ಲೋ!"

ಈಗ ಅಂಗಳದಲ್ಲಿ ಕುದುರೆಯನ್ನು ಮೆಲ್ಲಗೆ ನಡೆಸುತ್ತಿರುವವಳೂ ಅವಳೇ. "ಲದ್ದಿ ಹಾಕ್ತು ರಾಸಾ, ಬದುಕ್ತು!" ಎಂದು ಈಗಷ್ಟೇ ಕೂಗಿದಳು. ಕಾಗದವನ್ನು ಕಿತ್ತು ತಂದಿದ್ದೇನೆ. ಯಾರನ್ನು ಬೈಯಬೇಕೋ ಅವನ ಸಹಿ ಕೆಳಗೇ ಇದೆ, ಬಿ.ಎ. ಸಮೇತ.